ಮೇಷ್ಟರು ಹುಡುಕಿದ ಪದ

"ಗುರುಗಳೇ, ಎಷ್ಟೋ ವರ್ಷದಿಂದ ಹಂಬಲಿಸುತ್ತಿದ್ದೇನೆ. ಓದಿದೆ, ಜಪ ಮಾಡಿದೆ, ಉಪವಾಸವಿದ್ದೆ. ದೇವರು ನನ್ನೊಡನೆ ಒಂದು ಮಾತನ್ನಾದರೂ ಏಕೆ ಆಡುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟರು ಇದ್ದರು. ಅವರ ಬಳಿ ಒಂದು ಪೆಟ್ಟಿಗೆ ಇತ್ತು. ಅದರಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಮರದ ಬಿಲ್ಲೆ. ತರಗತಿಯಲ್ಲಿ ಮಕ್ಕಳು ಮೂರೋ ನಾಲ್ಕೋ ಬಿಲ್ಲೆ ಆರಿಸಿ ಮೇಜಿನ ಮೇಲಿಡುತ್ತಿದ್ದರು. ಆ ಅಕ್ಷರಗಳೆಲ್ಲ ಇರುವ ಪದವನ್ನು ಮೇಷ್ಟರು ಹೇಳಬೇಕು. ಅಕ್ಷರಗಳು ಪದದಲ್ಲಿ ಎಲ್ಲಿದ್ದರೂ ಸರಿ, ನಡುವೆ ಬೇರೆ ಅಕ್ಷರ ಬಂದರೂ ಸರಿ. ಮೇಷ್ಟರು ಸೋತದ್ದನ್ನು ಯಾರೂ ನೋಡಿರಲಿಲ್ಲ. ಸಂಜೆ ಮಕ್ಕಳು ಮನೆಗೂ ಬಂದು ಆಡುತ್ತಿದ್ದರು.

ಅವರ ಹೆಂಡತಿ ಕಮಲಾಕ್ಷಿ ಕನ್ನಡ ಶಾಲೆಯಲ್ಲಿ ಸ್ವಲ್ಪ ಓದಿದವಳು. ಮದುವೆಯಾದ ಹೊಸತರಲ್ಲಿ ಮೇಷ್ಟರು ಅವೇ ಬಿಲ್ಲೆಗಳನ್ನು ತೋರಿಸಿ ಅವಳಿಗೆ ಇಂಗ್ಲಿಷ್ ಅಕ್ಷರ ಕಲಿಸಿದರು. ತನ್ನ ಹೆಸರು, ತವರಿನ ಹೆಸರು ಬರೆಯುವಷ್ಟು ಬಂತು. ಪದಗಳನ್ನು ಮುಂದೆ ಕಲಿಸೋಣ ಎಂದುಕೊಂಡರು. ಆ ಮುಂದೆ ಬರಲೇ ಇಲ್ಲ. ಮನೆಯಲ್ಲಿದ್ದರೂ ಅವರ ಕೈಯಲ್ಲಿ ನಿಘಂಟು. ಅವಳು ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುವಳು. "ಬಂದೆ" ಎನ್ನುವರು. ಅನ್ನ ಆರಿದ ಮೇಲೆ ಏಳುವರು.

ವಯಸ್ಸಾದ ಮೇಲೆ ಕಮಲಾಕ್ಷಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು ನಿಂತಿತು. ವೈದ್ಯರು ನೋಡಿ, "ಇವರಿಗೆ ಎಲ್ಲವೂ ತಿಳಿಯುತ್ತದೆ. ಬಾಯಿ ಬಿಟ್ಟು ಹೇಳಲು ಆಗುವುದಿಲ್ಲ, ಅಷ್ಟೇ" ಎಂದರು.

ಮೇಷ್ಟರು ಸ್ಲೇಟು ಕೊಟ್ಟರು. ಅವಳ ಎಡಗೈಯಲ್ಲಿ ಬಳಪ ನಿಲ್ಲಲಿಲ್ಲ. ಆಗ ಪೆಟ್ಟಿಗೆ ತಂದು, ಬಿಲ್ಲೆಗಳನ್ನು ಒಂದು ಹಲಗೆಯ ಮೇಲೆ ಹರಡಿ ಅವಳ ಮುಂದಿಟ್ಟರು. ಅವಳ ಮುಖ ಅರಳಿತು. ಬಿ ಬಿಲ್ಲೆಯನ್ನು ಮೆಲ್ಲಗೆ ಮುಂದೆ ಸರಿಸಿದಳು. ಎ ಸರಿಸಿದಳು. ಎನ್ ಸರಿಸಿ ಅದನ್ನು ಇನ್ನೊಮ್ಮೆ ತಟ್ಟಿದಳು. ಕೈ ನಡುಗಿರಬೇಕು ಎಂದುಕೊಂಡರು ಮೇಷ್ಟರು. ಕೊನೆಗೆ ಐ ಸರಿಸಿ ಅವರನ್ನು ನೋಡಿದಳು.

ಮೇಷ್ಟರ ಎದೆ ಹಗುರಾಯಿತು. ಇದು ಅವರಿಗೆ ಗೊತ್ತಿದ್ದ ಆಟ. ಇಷ್ಟು ವರ್ಷ ಮಕ್ಕಳ ಮಾತು ಕೇಳಿ ಕೇಳಿ ಇವಳೂ ಪದಗಳನ್ನು ಕಲಿತಿದ್ದಾಳೆ ಎಂದುಕೊಂಡರು.

ಬೇಸಿನ್ ಎಂದರು. ಬೋಗುಣಿಯಲ್ಲಿ ನೀರು ತಂದು ಅವಳ ಮುಖ ತೊಳೆದರು. ಅವಳು ಅಲ್ಲವೆಂದು ತಲೆಯಾಡಿಸಿದಳು. ಮರುದಿನ ಮತ್ತೆ ಅವೇ ಅಕ್ಷರಗಳು. ಬ್ರೇನ್ ಎಂದರು. ಮಿದುಳಿನಲ್ಲಿ ನೋವೆಂದು ಹೇಳುತ್ತಿದ್ದಾಳೆ ಎಂದು ವೈದ್ಯರನ್ನು ಮತ್ತೆ ಕರೆತಂದರು. ಅದೂ ಅಲ್ಲ. ರೇನ್‌ಬೋ ಎಂದರು. ಕಾಮನಬಿಲ್ಲು ಕಾಣಲೆಂದು ಮಂಚವನ್ನು ಕಿಟಕಿಯ ಬಳಿ ಹಾಕಿದರು. ಅವಳು ಕಿಟಕಿಯ ಕಡೆ ತಿರುಗಲಿಲ್ಲ. ಅವರನ್ನೇ ನೋಡುತ್ತಿದ್ದಳು.

ಅವಳ ಆ ಒಂದು ಮಾತಿಗಾಗಿ ಮೇಷ್ಟರು ಹಂಬಲಿಸಿದರು. ಅವಳ ಪಕ್ಕದಿಂದ ಎದ್ದು ಹೋಗಿ ನಿಘಂಟು ತಿರುವಿದರು. ದಾರಿಯಲ್ಲಿ ಅಂಗಡಿಗಳ ಬೋರ್ಡು ಓದುತ್ತ ನಿಂತರು. ಪೇಟೆಯ ಲೈಬ್ರರಿಗೆ ಹೋಗಿ ಇನ್ನೂ ದಪ್ಪ ನಿಘಂಟು ಹುಡುಕಿದರು. ತಿರುಗಿ ಬಂದಾಗ ಅವಳು ಬಾಗಿಲು ನೋಡುತ್ತ ಮಲಗಿರುತ್ತಿದ್ದಳು.

ಒಂದು ದಿನ ಅವರ ಬೆರಳು ಬ್ಯಾನಿಷ್ ಎಂಬ ಪದದ ಮೇಲೆ ನಿಂತಿತು. ಹೊರಗೆ ಅಟ್ಟು ಎಂದು ಅರ್ಥ. ಮೇಷ್ಟರು ಆ ಪುಟವನ್ನು ಮಗುಚಲಿಲ್ಲ. ಇಷ್ಟು ವರ್ಷ ನುಂಗಿಕೊಂಡ ಸಿಟ್ಟು ಈಗ ಹೊರಗೆ ಬಿದ್ದಿದೆ, ನಾನು ಕಣ್ಣೆದುರಿಗೆ ಇರುವುದು ಇವಳಿಗೆ ಬೇಡ ಎಂದುಕೊಂಡರು. ಅವಳನ್ನೇ ಕೇಳೋಣವೆಂದರೆ ಧೈರ್ಯ ಬರಲಿಲ್ಲ. ಅವಳು ಹೌದೆಂದರೆ? ಅವಳ ತಂಗಿಯನ್ನು ಆರೈಕೆಗೆ ಕರೆಸಿ, ತಮ್ಮ ಕುರ್ಚಿಯನ್ನು ಹೊರಗಿನ ಕೋಣೆಗೆ ಹಾಕಿಕೊಂಡರು.

"ಭಾವ, ಅಕ್ಕ ದಿನವೂ ಅವೇ ನಾಲ್ಕು ಬಿಲ್ಲೆ ಸರಿಸುತ್ತಾಳೆ" ಎಂದಳು ತಂಗಿ. ಅವಳಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ.

"ಗೊತ್ತಮ್ಮ. ಅದಕ್ಕೇ ನಾನು ಇಲ್ಲಿ ಕೂತಿರುವುದು" ಎಂದರು ಮೇಷ್ಟರು.

ಹೀಗೇ ಒಂದು ಮಳೆಗಾಲ ಕಳೆಯಿತು. ಗೋಡೆಯ ಆ ಕಡೆ ಅವಳು, ಈ ಕಡೆ ಅವರು. ಅವಳು ಕೆಮ್ಮಿದರೆ ಎದ್ದು ನಿಲ್ಲುವರು. ಹೊಸ್ತಿಲವರೆಗೆ ಹೋಗಿ ಹಿಂದಿರುಗುವರು.

ಒಂದು ಮಧ್ಯಾಹ್ನ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದಳು. "ಬನ್ನಿ" ಎಂದಳು. ಅವಳ ದನಿ ಅಕ್ಕನ ದನಿಯ ಹಾಗೆಯೇ ಇತ್ತು. ರೂಢಿಯಂತೆ "ಬಂದೆ" ಎನ್ನಲು ಮೇಷ್ಟರು ಬಾಯಿ ತೆರೆದರು. ಬಿ, ಎ, ಎನ್. ಎನ್ ಬಿಲ್ಲೆ ಪೆಟ್ಟಿಗೆಯಲ್ಲಿ ಒಂದೇ ಇತ್ತು, ಅದಕ್ಕೇ ಅವಳು ಅದನ್ನು ಇನ್ನೊಮ್ಮೆ ತಟ್ಟಿದ್ದಳು. ಆಮೇಲೆ ಐ. ತನಗೆ ಬರುತ್ತಿದ್ದ ಅಕ್ಷರಗಳಲ್ಲಿ ಅವಳು ತನ್ನ ಕನ್ನಡವನ್ನೇ ಬರೆದಿದ್ದಳು. ಬನ್ನಿ.

ಮೇಷ್ಟರು ಒಳಗೆ ಓಡಿದರು. ಮಂಚದ ಅಂಚಿನಲ್ಲಿ ಕುಳಿತು, "ಬಂದೆ ಕಮಲಾಕ್ಷಿ, ಬಂದೆ" ಎಂದರು. ಅವಳು ಹಲಗೆಯನ್ನು ದೂರ ತಳ್ಳಿದಳು. ಬಿಲ್ಲೆಗಳು ನೆಲಕ್ಕೆ ಚೆಲ್ಲಿದವು. ಎಡಗೈ ಎತ್ತಿ ಅವರ ಕೆನ್ನೆಯ ಮೇಲಿಟ್ಟಳು.

ಆಮೇಲೆ ಅವಳು ಹೆಚ್ಚು ಕಾಲ ಬದುಕಲಿಲ್ಲ. ಇದ್ದಷ್ಟು ದಿನ ಮೇಷ್ಟರು ಆ ಮಂಚದ ಬಳಿಯೇ ಉಂಡರು, ಅಲ್ಲಿಯೇ ಮಲಗಿದರು. ಅವಳು ಹೋದ ಮೇಲೆ, ಊಟದ ಹೊತ್ತಾದರೆ ಯಾರೂ ಕರೆಯದಿದ್ದರೂ ಎದ್ದು ಬಂದು ಎಲೆಯ ಮುಂದೆ ಕೂರುತ್ತಿದ್ದರು. ಅನ್ನ ಬಿಸಿ ಇರುವಾಗಲೇ ಕೂರುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. "ಪಾಪ, ಒಂದು ಮಾತಿಗಾಗಿ ಮೇಷ್ಟರು ಎಷ್ಟು ಹಂಬಲಿಸಿದರು!" ಎಂದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: "ಮೊದಲು ಕರೆದವರು ಯಾರಪ್ಪ?"