ಹಕ್ಕಳೆಗಟ್ಟಿದ ನೆಲ

"ಅಜ್ಜಾರ, ಇಷ್ಟು ಸಲ ಕ್ಷಮಾ ಕೇಳಿದ್ರೂ ಅಂವ ಕರಗವಲ್ಲ. ಯಾಕ್ರಿ?"

ಮಠದ ಶಿಷ್ಯ ಅಡಿವೆಪ್ಪ ತನ್ನ ಗುರುಗಳನ್ನು ಹೀಗೆ ಕೇಳಿದ. ಕೇಳುವಾಗ ಅವರ ಮುಖ ನೋಡಲಿಲ್ಲ.

ಅದಕ್ಕೆ ಕಾರಣವಿತ್ತು. ಅವನ ಜೊತೆಯ ಶಿಷ್ಯ ಸಂಗಯ್ಯ ನಿದ್ದೆಯಲ್ಲಿ, ತೀರಿಹೋದ ತಾಯಿಯನ್ನು ಕರೆಯುತ್ತಿದ್ದ. ಒಂದೇ ಕೋಣೆಯಲ್ಲಿ ಮಲಗುವ ಅಡಿವೆಪ್ಪನಿಗೆ ಮಾತ್ರ ಅದು ಗೊತ್ತಿತ್ತು. ಒಂದು ದಿನ ಊಟದ ಪಂಕ್ತಿಯಲ್ಲಿ, ನಾಲ್ಕು ಜನ ನಗಲಿ ಎಂದು, ಅಡಿವೆಪ್ಪ ಆ ದನಿಯನ್ನು ಅಣಕಿಸಿ ತೋರಿಸಿದ. ಎಲ್ಲರೂ ನಕ್ಕರು. ಸಂಗಯ್ಯ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದುಹೋದ.

ನಗು ಅಡಗುವ ಮೊದಲೇ ಅಡಿವೆಪ್ಪನ ಕಿವಿ ಬಿಸಿಯಾಗಿತ್ತು. ತಾನು ಎಂಥ ಕೆಲಸ ಮಾಡಿದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ, ಪ್ರಾರ್ಥನೆಗೆ ಎಲ್ಲರೂ ಸೇರಿದಾಗ, ಸಂಗಯ್ಯನ ಕಾಲು ಹಿಡಿದು ಕ್ಷಮೆ ಕೇಳತೊಡಗಿದ. ಸಂಗಯ್ಯ ಪ್ರಾರ್ಥನೆಗೆ ಬರುವುದನ್ನು ಬಿಟ್ಟ. ಕೋಣೆಯನ್ನೂ ಬಿಟ್ಟು ದನದ ಕೊಟ್ಟಿಗೆಯ ಪಕ್ಕದ ಕಟ್ಟೆಗೆ ಹಾಸಿಗೆ ಒಯ್ದ. ಅಡಿವೆಪ್ಪ ಅಲ್ಲಿಗೂ ಹೋದ. ಈ ದಿನ ಹೋದಾಗ, ಸಂಗಯ್ಯ ತನ್ನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಇಟ್ಟದ್ದು ಕಂಡಿತು. ಮಠ ಬಿಟ್ಟರೆ ಅವನಿಗೆ ಹೋಗಲು ಬೇರೆ ಮನೆಯಿರಲಿಲ್ಲ.

"ಕರಗಬೇಕೇನು ಅಂವ?" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಬಡಗಣ ಬೆಟ್ಟಗಳ ಆಚೆ ಒಂದು ಮೇವಿನ ಬಯಲು. ಅಲ್ಲಿ ಚಳಿ ಹೆಚ್ಚು, ಮಳೆ ಕಡಿಮೆ. ಮಣ್ಣು ಬಿಳಿ. ಗೇಣಾಳ ಅಗೆದರೆ ಗೋದಂತಿ ಸಿಗುತ್ತದೆ. ಪಂಡಿತರು ಔಷಧಿಯ ಭಸ್ಮ ಮಾಡಲು ಒಯ್ಯುವ ಕಲ್ಲು ಅದೇ. ಈಗಿನವರು ಜಿಪ್ಸಮ್ ಎನ್ನುತ್ತಾರೆ. ಉಗುರಿನಿಂದ ಕೆರೆದರೆ ಹಿಟ್ಟಾಗುತ್ತದೆ. ನೀರು ಇಂಗಿದರೆ ಒಳಗೊಳಗೇ ಕರಗುತ್ತದೆ. ಅಂಥ ನೆಲದಲ್ಲಿ ಜೋಳ ಬೆಳೆಯುವುದಿಲ್ಲ, ಮರ ಏಳುವುದಿಲ್ಲ. ಆ ಮಣ್ಣಿಗೇ ಒಗ್ಗಿದ ಕುರುಚಲು ಹುಲ್ಲು ಅಲ್ಲಲ್ಲಿ ಬರುತ್ತದೆ. ಕುರಿಗಳಿಗೆ ಅದೇ ಗತಿ.

ಆ ಬಿಳಿ ಹಿಟ್ಟು ಗಾಳಿಗೆ ಹಾರಿಹೋಗದಂತೆ ಮೇಲೊಂದು ಕಪ್ಪು ಪದರ ಅದನ್ನು ಹಿಡಿದುಕೊಂಡಿರುತ್ತದೆ. ರೊಟ್ಟಿಯ ಮೇಲ್ಪದರದಷ್ಟು ತೆಳು. ಅಲ್ಲಿಯವರು ಅದನ್ನು ಹಕ್ಕಳೆ ಎನ್ನುತ್ತಾರೆ. ಗಾಯ ಒಣಗುವಾಗ ಕಟ್ಟುವ ಹಕ್ಕಳೆಯ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ನೋಡಿದರೆ ಸತ್ತಂತೆ ಕಾಣುತ್ತದೆ, ಆದರೆ ಜೀವವಿದೆ. ಇಬ್ಬನಿ ಬಿದ್ದ ಬೆಳಿಗ್ಗೆ ಸ್ವಲ್ಪ ಹೊತ್ತು ಹಸಿರಾಗಿ, ಬಿಸಿಲೇರಿದ ಮೇಲೆ ಮತ್ತೆ ಕಪ್ಪಾಗುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಬೆಳೆದದ್ದೇ ಅದರ ಬೆಳವಣಿಗೆ. ಚಿಕ್ಕಂದಿನಲ್ಲಿ ಅದನ್ನು ತುಳಿದವನು ಮುದುಕನಾದ ಮೇಲೆ ಮೊಮ್ಮಕ್ಕಳಿಗೆ ಆ ಹೆಜ್ಜೆಯನ್ನು ತೋರಿಸಬಹುದು.

ಹಾಗಾಗಿ ಅಲ್ಲೊಂದು ಪದ್ಧತಿ. ಕಡು ಚಳಿಯಲ್ಲಿ ನೆಲ ಹೆಪ್ಪುಗಟ್ಟಿ ಗಟ್ಟಿಯಾದಾಗ ಮಾತ್ರ ಬಯಲಿಗೆ ಕುರಿ ಬಿಡುತ್ತಾರೆ. ಉಳಿದ ಕಾಲದಲ್ಲಿ ಆಚೆ ಹೋಗುವವರು ಹಳ್ಳಕ್ಕಿಳಿದು, ಕಲ್ಲುಗಳ ಮೇಲೆ ಸುತ್ತು ಬಳಸಿ ಹೋಗುತ್ತಾರೆ.

ಅಲ್ಲಿ ಒಬ್ಬ ಕುರಿಗಾಹಿ ಇದ್ದ. ಒಂದು ಬೇಸಿಗೆಯಲ್ಲಿ ಅವನಿಗೆ ಬಯಲಿನಾಚೆಯ ಬೀಗರ ಮನೆಯಲ್ಲಿ ಊಟ. ಕುರಿಗಳನ್ನೂ ಹೊಡೆದುಕೊಂಡು ಹೊರಟ. ಎಲ್ಲರ ಹಸಿವೂ ಹೊಟ್ಟೆಯಲ್ಲಿರುತ್ತದೆ; ಇವನದು ಕಾಲಿಗೆ ಇಳಿದಿತ್ತು. ಹಳ್ಳದ ಸುತ್ತು ಯಾರಿಗೆ ಬೇಕು ಎಂದು ಹಿಂಡನ್ನು ಬಯಲಿನ ನಡುವೆಯೇ ನುಗ್ಗಿಸಿದ. ಹೊತ್ತಿಗೆ ಸರಿಯಾಗಿ ತಲುಪಿದ. ಊಟವೂ ಚೆನ್ನಾಗಿತ್ತು.

ಮರುದಿನ ಗಾಳಿ ಎದ್ದಿತು. ಹಿಂಡು ಹಾದುಹೋದ ಉದ್ದಕ್ಕೂ ಬಿಳಿ ಧೂಳು ಮೇಲೆದ್ದು, ಬಯಲಿನ ಅಂಚಿನಲ್ಲಿದ್ದ ಒಬ್ಬ ಮುದುಕಿಯ ಅಂಗಳಕ್ಕೆ ಸುರಿಯಿತು. ಅವಳ ಹಾಲಿನ ಗಡಿಗೆಯಲ್ಲಿ ಧೂಳು. ಅವಳ ಕುರಿಗಳ ಮೇವಿನ ಮೇಲೆ ಧೂಳು. ಬಯಲಿನ ಮೇಲೆ ಒಂದು ಬಿಳಿ ಪಟ್ಟೆ ಮೂಡಿತ್ತು. ಊರಿನ ಯಾವ ಮನೆಯ ಬಾಗಿಲು ತೆರೆದರೂ ಅದು ಕಾಣುತ್ತಿತ್ತು.

ಕುರಿಗಾಹಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನಿಗೆ ತುಂಬಾ ನಾಚಿಕೆಯಾಯಿತು. ಅನ್ನ ಸೇರಲಿಲ್ಲ. ಆ ಪಟ್ಟೆಯನ್ನು ಹೇಗಾದರೂ ಅಳಿಸಲೇಬೇಕು ಎಂದು ಹೊರಟ.

ಮೊದಲು ಹಲಗೆ ಒಯ್ದು, ಎದ್ದ ಮಣ್ಣನ್ನು ಸಮ ಮಾಡಿದ. ಹಲಗೆ ಹೊತ್ತು ಹೋಗುವಾಗ ಪಟ್ಟೆಯ ಎರಡೂ ಬದಿಯ ಹಕ್ಕಳೆ ಕಾಲ ಕೆಳಗೆ ಪುಡಿಯಾಯಿತು. ಹಕ್ಕಳೆ ಬೇಗ ಬೆಳೆಯಲಿ ಎಂದು ಕೊಡದಲ್ಲಿ ನೀರು ಹೊತ್ತು ಸುರಿದ. ನೀರು ಕೆಳಗಿಳಿದು ಗೋದಂತಿಯನ್ನು ಕರಗಿಸಿತು. ಕೆಲವು ದಿನಗಳಲ್ಲಿ ನೆಲ ಕುಸಿದು ಗುಂಡಿ ಬಿತ್ತು. ಗುಂಡಿ ತುಂಬಲು ಹೊಲದ ಕರಿ ಮಣ್ಣನ್ನೂ ಗೊಬ್ಬರವನ್ನೂ ಗಾಡಿಯಲ್ಲಿ ತಂದ. ಗಾಡಿಯ ಚಕ್ರಗಳು ಇನ್ನೆರಡು ಪಟ್ಟೆ ಕೊರೆದವು. ಗೊಬ್ಬರದ ಜೊತೆ ಬಂದ ಹೊಲದ ಕಳೆ ಅಲ್ಲಿ ಮೊಳೆತು, ಒಣಗಿ, ಅದೂ ಗಾಳಿಗೆ ಹಾರಿ ಮುದುಕಿಯ ಅಂಗಳಕ್ಕೇ ಬಿತ್ತು.

ಆದರೂ ಅವನು ಬಿಡಲಿಲ್ಲ. ಊರಿನವರು ನೀರಿಗೆ ಬರುವ ಹೊತ್ತಿಗೇ ಅವನೂ ಕೊಡ ಹೊತ್ತು ಬಯಲಿಗೆ ಹೋಗುತ್ತಿದ್ದ. "ಪಾಪ, ಎಷ್ಟು ಮರುಗತಾನ ನೋಡು" ಎಂದು ಅವರು ಮಾತಾಡಿಕೊಳ್ಳುವುದು ಅವನ ಕಿವಿಗೆ ಬೀಳುತ್ತಿತ್ತು. ಅದು ಕೇಳಿದ ದಿನ ಅವನಿಗೆ ಒಂದು ತುತ್ತು ಅನ್ನ ಸೇರುತ್ತಿತ್ತು. ಬಯಲು ಕೆಟ್ಟಷ್ಟೂ ಅವನ ಮನಸ್ಸು ಹಗುರಾಗುತ್ತ ಬಂತು.

ಒಂದು ಬೆಳಿಗ್ಗೆ ಆ ಮುದುಕಿ ಬಯಲಿನ ಅಂಚಿಗೆ ಬಂದು, ಒಳಗೆ ಕಾಲಿಡದೆ, ಅಲ್ಲಿಂದಲೇ ಅವನನ್ನು ಕರೆದಳು.

"ತಮ್ಮಾ, ನಿನ್ನ ಕುರಿ ಒಂದ್ ಸಲ ದಾಟಿದವು. ನೀ ದಿನಾ ದಾಟಾಕತ್ತೀಯಲ್ಲ? ಹಿಂಗಾದ್ರ ನಾ ಈ ಮನಿ ಬಿಟ್ಟು ಹೋಗಬೇಕಾಗತೈತಿ."

"ಆಯಿ, ನನ್ನಿಂದ ತಪ್ಪಾತು. ಸರಿ ಮಾಡಾಕ ಬಂದೀನಿ."

"ಸರಿ ಆಗಬೇಕಂದ್ರ ಹಳ್ಳದಾಗ ಹಾದು ಹೋಗು. ಇತ್ತ ಕಾಲಿಡಬ್ಯಾಡ."

"ಹಂಗ ಸುಮ್ಮನ ದೂರ ಹೋಗಿಬಿಟ್ರ, ನಾ ಮರುಗೀನಿ ಅಂತ ಯಾರಿಗೆ ಗೊತ್ತಾಗತೈತಿ?"

"ಯಾರಿಗೂ ಗೊತ್ತಾಗೂದಿಲ್ಲ."

"ಮತ್ತ ನನ್ನ ನಾಚಿಕಿ ಹೋಗೂದು ಹೆಂಗ?"

"ಅದು ನಿನ್ನ ಮಾತಾತು. ನಾ ನೆಲದ ಮಾತಾಡಾಕತ್ತೀನಿ."

ಕುರಿಗಾಹಿ ತಾನು ಹೊತ್ತು ತಂದ ಕೊಡವನ್ನು ನೋಡಿದ. ಯಾರಿಗಾಗಿ ಹೊತ್ತು ತಂದೆ ಎಂದು ಆಗ ಅವನಿಗೆ ತಿಳಿಯಿತು. ಮೊದಲಿನ ನಾಚಿಕೆಗಿಂತ ಇದು ದೊಡ್ಡದಾಗಿತ್ತು. ಬಂದ ಹೆಜ್ಜೆಗಳ ಮೇಲೆಯೇ ಹೆಜ್ಜೆಯಿಟ್ಟು ಹಿಂದಕ್ಕೆ ಹೋದ.

ಆಮೇಲೆ ಅವನು ಹಳ್ಳ ಬಿಟ್ಟು ನಡೆಯಲಿಲ್ಲ. ಸುತ್ತು ದಾರಿ, ಬೇಸಿಗೆಯಲ್ಲಿ ಕಲ್ಲುಗಳು ಕಾದು ಸುಡುತ್ತಿದ್ದವು. ಒಂದು ತಿರುವಿನಲ್ಲಿ ದಂಡೆಯ ಮೇಲಿಂದ ಆ ಬಿಳಿ ಪಟ್ಟೆ ಕಾಣುತ್ತಿತ್ತು. ಅಲ್ಲಿಗೆ ಬಂದಾಗ ತಲೆ ತಗ್ಗಿಸುತ್ತಿದ್ದ. ಊರಿನವರು, "ನೋಡು, ಎಷ್ಟು ಲಗೂನ ಮರತ. ನಾಚಿಕಿಗೆಟ್ಟವ" ಎಂದರು. ಅದೂ ಅವನ ಕಿವಿಗೆ ಬಿತ್ತು. ಅವನು ಕುರಿಗಳನ್ನು ಹಳ್ಳಕ್ಕೆ ಇಳಿಸಿದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು.

"ಹಕ್ಕಳಿ ಮತ್ತ ಕಟ್ಟಿತೇನ್ರಿ?" ಎಂದು ಅಡಿವೆಪ್ಪ ಕೇಳಿದ.

"ಅಂವ ಸಾಯೂತನಕ ಕಟ್ಟಲಿಲ್ಲ. ಮಳಿಗಾಲದಾಗ ನಾಲ್ಕು ಹನಿ ಬಿದ್ದು ಧೂಳು ಕುಂತಿತು, ಅಷ್ಟ. ಆದ್ರ ಮುದುಕಿ ಮನಿ ಬಿಡಲಿಲ್ಲ."

ಅಡಿವೆಪ್ಪ ಕೈಗಳಲ್ಲಿ ಮುಖ ಮುಚ್ಚಿಕೊಂಡ. ದಿನಾ ಬೆಳಿಗ್ಗೆ ತಾನು ಸಂಗಯ್ಯನ ಕಾಲು ಹಿಡಿದದ್ದು, ಹಿಡಿದು ಓರೆಗಣ್ಣಿನಲ್ಲಿ ಸುತ್ತಲಿನವರ ಮುಖ ನೋಡಿದ್ದು ನೆನಪಾಯಿತು. ಒಬ್ಬೊಬ್ಬರೂ ತಲೆದೂಗಿದ್ದರು. ಸಂಗಯ್ಯ ಒಬ್ಬನೇ ಪ್ರತಿದಿನವೂ, ಎಲ್ಲರ ಮುಂದೆ, ಆ ಅಣಕದ ದನಿಯನ್ನು ಹೊಸದಾಗಿ ಕೇಳಿಸಿಕೊಂಡು ನಿಂತಿದ್ದ. ಇದನ್ನು ನೆನೆದು ಅಡಿವೆಪ್ಪ ಅತ್ತ. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಗಡಬಡಿಸಿ ಎದ್ದ. ಗುರುಗಳ ಕೋಣೆಗೆ ಎರಡು ಬಾಗಿಲು. ಮುಂದಿನದು ಕೊಟ್ಟಿಗೆಯ ಕಡೆಗೆ, ಹಿಂದಿನದು ಬಾವಿಯನ್ನು ಬಳಸಿಕೊಂಡು ಊಟದ ಮನೆಗೆ. ಅವನು ಮುಂದಿನ ಬಾಗಿಲಿಗೆ ನಡೆದ.

"ಎಲ್ಲಿಗೆ ಹೊಂಟಿ?" ಎಂದರು ಗುರುಗಳು.

"ಸಂಗಯ್ಯನ ಕಡೆ ಹೋಗಿ ಬರ್ತೀನ್ರಿ. ದಿನಾ ಹೋಗಿ ಕಾಡಿದ್ದಕ್ಕ ಕ್ಷಮಾ ಕೇಳಬೇಕು."

ಹೊಸ್ತಿಲು ದಾಟಲು ಅವನು ಕಾಲೆತ್ತಿದ್ದ. ಗುರುಗಳು ಹಿಂದಿನ ಬಾಗಿಲನ್ನು ತೋರಿಸಿದರು.

"ಹಳ್ಳದ ದಾರಿ ಈ ಕಡಿಗೈತಿ, ತಮ್ಮಾ."