ತಣ್ಣೊಲೆ ಗುಡ್ಡ

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಒಣನಾಡಿನಲ್ಲಿ ಕಡ್ಲೇರಿ ಎಂಬ ಊರಿದೆ. ಅಲ್ಲಿಂದ ಪಡುವಣಕ್ಕೆ ಮೂರು ತಾಸು ನಡೆದರೆ ತಣ್ಣೊಲೆ ಗುಡ್ಡ ಸಿಗುತ್ತದೆ. ರಸ್ತೆಯಿಲ್ಲ. ಮೊದಲು ಹಳ್ಳದ ಉಸುಕಿನಲ್ಲಿ, ಆಮೇಲೆ ಜಾಲಿಮುಳ್ಳಿನ ನಡುವೆ ಕುರಿಗಳು ತುಳಿದ ಜಾಡಿನಲ್ಲಿ ನಡೆದು, ಕೊನೆಗೆ ಕೈಯೂರಿ ಬಂಡೆ ಹತ್ತಬೇಕು. ಬೇಸಗೆಯಲ್ಲಿ ಒಬ್ಬರಿಗೆ ನಾಲ್ಕು ಲೀಟರ್ ನೀರು ಬೇಕು. ಗುಡ್ಡದ ಮೇಲೆ ನೀರಿಲ್ಲ. ಇಳಿಜಾರಿನ ತುಂಬ ಒಡೆದ ಕಲ್ಲಿನ ರಾಶಿಗಳಿವೆ. ಅವು ಮಳೆಗೆ ಉರುಳಿ ಬಂದವಲ್ಲ. ಎಲ್ಲವೂ ಹೆಚ್ಚುಕಡಿಮೆ ಮುಷ್ಟಿಯ ಗಾತ್ರದವು. ಹಾಸುಬಂಡೆಯ ಮೇಲೆ ಕಲ್ಲು ಅರೆದು ಅರೆದು ಬಿದ್ದ ಬೋಗುಣಿಯಂಥ ಗುಣಿಗಳಿವೆ. ಗುಡ್ಡದ ಹೊಟ್ಟೆಯಲ್ಲಿ ಹನ್ನೊಂದು ಸುರಂಗಗಳ ಬಾಯಿಗಳಿವೆ. ಅವುಗಳ ಗೋಡೆ ಒಲೆಯ ಒಳಮೈಯಂತೆ ದುಂಡಗೆ, ಕಪ್ಪಗೆ ಇದೆ. ಇಷ್ಟು ಬೆಂಕಿ ಕಂಡ ಗುಡ್ಡಕ್ಕೆ ತಣ್ಣೊಲೆ ಎಂಬ ಹೆಸರೇಕೆ ಎಂದು ಹೋದವರೆಲ್ಲ ಕೇಳುತ್ತಾರೆ. ಪೂರ್ತಿ ಹೇಳಬಲ್ಲವರು ಈಗ ಕಡ್ಲೇರಿಯ ಕುರುಬರ ಅಮರಪ್ಪನವರೊಬ್ಬರೇ. ಅವರಿಗೆ ಎಂಬತ್ತು ದಾಟಿದೆ.

ಹಿಂದೆ ಒಮ್ಮೆ, ಯಾವ ಅರಸನ ಕಾಲವೆಂದು ಅಮರಪ್ಪನವರಿಗೂ ತಿಳಿಯದು, ಈ ಗುಡ್ಡದ ಮೇಲೆ ನಲವತ್ತು ಮನೆಗಳ ಊರಿತ್ತು ಎನ್ನುತ್ತಾರೆ. ಅವರು ಬಿಳಿಯ ಬೆಣಚುಕಲ್ಲಿನಿಂದ ಬಂಗಾರ ತೆಗೆಯುವವರು. ಬೆಣಚು ಉಳಿಗೆ ಬಗ್ಗುವ ಕಲ್ಲಲ್ಲ. ಅದನ್ನು ಒಡೆಯಲು ಅವರಿಗೆ ಗೊತ್ತಿದ್ದ ಉಪಾಯ ಒಂದೇ. ಸುರಂಗದ ಕೊನೆಯಲ್ಲಿ ಕಲ್ಲಿಗೆ ತಾಗುವಂತೆ ಕಟ್ಟಿಗೆ ಒಟ್ಟಿ, ಹಚ್ಚಿ, ಎಲ್ಲರೂ ಹೊರಗೆ ಬರುವರು. ಹೊಗೆ ಅಡಗಿದ ಮೇಲೆ ಒಳಗೆ ಹೋಗಿ ಕಾದ ಕಲ್ಲಿನ ಮೇಲೆ ತಣ್ಣೀರು ಎರಚುವರು. ಕಲ್ಲು ಬಿರುಕು ಬಿಡುತ್ತಿತ್ತು. ಒಂದು ಬೆಂಕಿಗೆ ಒಂದು ಮೊಳ ಕಲ್ಲು ಬೀಳುವುದು ವಾಡಿಕೆ. ಆ ಬೆಂಕಿಗೆ ಒಲೆ ಎಂದೂ, ಅದನ್ನು ಹೂಡುವವನಿಗೆ ಒಲೆಗಾರ ಎಂದೂ ಹೆಸರು. ಆರಿದ ಒಲೆಯ ಬಳಿಗೆ ಮೊದಲು ಒಬ್ಬನೇ ಹೋಗಿ ಚಾವಣಿಯನ್ನು ಕೋಲಿನಿಂದ ತಟ್ಟಿ ನೋಡುವುದೂ ಅವನ ಕೆಲಸವೇ.

ಆ ಊರಿನ ಒಲೆಗಾರ ಒಂದು ಬೆಳಗ್ಗೆ ಹಾಗೆ ಹೋದಾಗ ಅವನ ಬೆನ್ನ ಹಿಂದೆ ಚಾವಣಿಯ ಒಂದೇ ತುಂಡು ಕಳಚಿ ಬಿದ್ದು ಸುರಂಗವನ್ನು ಗೋಡೆಯಿಂದ ಗೋಡೆಗೆ ಮುಚ್ಚಿತು. ಮುಂದೆ ಗಟ್ಟಿ ಗುಡ್ಡ, ಹಿಂದೆ ಬಿದ್ದ ಕಲ್ಲು. ಅವನು ಸತ್ತನೆಂದೇ ಎಲ್ಲರೂ ತಿಳಿದರು. ಆದರೆ ಒಲೆಗೆ ನೀರು ಹೊರುತ್ತಿದ್ದ ಅವನ ಹೆಂಡತಿ ಹುಲಿಗೆವ್ವ ಗುಡ್ಡದ ಮೈಮೇಲೆ ನಿಂತಿದ್ದಾಗ ಕಾಲಬಳಿ ಅವನ ಕೆಮ್ಮು ಕೇಳಿಸಿತು. ಅಲ್ಲಿ ಎರಡು ಬೆರಳಗಲದ ಒಂದು ಬಿರುಕಿತ್ತು. ಮೂರಾಳು ಆಳಕ್ಕೆ ಇಳಿದು ಅವನು ಬಿದ್ದಲ್ಲಿಗೇ ಮುಟ್ಟುತ್ತಿತ್ತು. ಅವಳು ಮುತ್ತುಗದ ಎಲೆಯನ್ನು ದೋಣಿಯಂತೆ ಮಡಿಚಿ, ತಿಳಿ ಅಂಬಲಿಯನ್ನು ಎಳೆ ಎಳೆಯಾಗಿ ಇಳಿಬಿಟ್ಟಳು. ಅವನು ಕೆಳಗೆ ಬೊಗಸೆಯೊಡ್ಡಿದ.

“ಮುಟ್ಟಿತೇನ್ರೀ?” ಎಂದಳು.

“ಮುಟ್ಟೈತಿ. ನಿನ್ನ ಅಂಬ್ಲಿಯೊಳಗ ಯಾವಾಗಲೂ ಕಲ್ಲು ಇರತಿದ್ವು. ಇವತ್ತ ಕಲ್ಲೇ ಸೋಸಿ ಕೊಡಾಕತ್ತೈತಿ.”

ಬಿರುಕಿನ ಸುತ್ತ ನಿಂತವರು ನಕ್ಕರು. ಒಲೆಗಾರನ ತಮ್ಮ ಪರಸಪ್ಪ ಬಗ್ಗಿ, “ನೀ ಒಳಗ ಕಾಲು ಚಾಚಿ ಕುಂತಿಯಣ್ಣ, ಬಡಿಯೋ ಪಾಡು ನಮಗ ಬಂತು” ಎಂದ.

“ಚಾಚಿದ್ದು ನಾನಲ್ಲೋ ತಮ್ಮಾ, ಕಲ್ಲು” ಎಂಬ ಉತ್ತರ ಬಂತು. ಅವನ ಬಲಗಾಲು ಜಜ್ಜಿಹೋಗಿತ್ತು. ಆಮೇಲೆ ಯಾರೂ ನಗಲಿಲ್ಲ.

ಸರದಿಯಂತೆ ಇಬ್ಬಿಬ್ಬರು ಒಳಹೋಗಿ ಬಿದ್ದ ಕಲ್ಲನ್ನು ಉಳಿಯಿಂದ ಕೊರೆಯತೊಡಗಿದರು. ಇಡೀ ದಿನ ಬಡಿದರೆ ಒಂದು ಬೆರಳು ದಪ್ಪದ ಕಲ್ಲು ಹೋಗುತ್ತಿತ್ತು. ಐದನೆಯ ದಿನ ಒಲೆಗಾರ ತಾನೇ ಅಳತೆ ಕೇಳಿದ. ಸುರಂಗದಲ್ಲಿ ಹತ್ತು ಹತ್ತು ಮೊಳಕ್ಕೆ ಒಂದು ದೀಪದ ಗೂಡು ಇರುತ್ತಿತ್ತು. ತನ್ನ ಕಡೆಯ ಗೂಡಿನಿಂದ ಕಲ್ಲಿಗೆ ಎರಡು ಮೊಳ ಎಂದು ಅವನು ತೆವಳಿ ಕೈಯಿಂದ ಅಳೆದಿದ್ದ. ಹೊರಗಿನ ಗೂಡಿನಿಂದ ನಾಲ್ಕು ಮೊಳ ಎಂದು ಪರಸಪ್ಪ ಹೇಳಿದ. ಹತ್ತರಲ್ಲಿ ಆರು ಹೋದರೆ ನಾಲ್ಕು. ಕಲ್ಲಿನ ದಪ್ಪ ನಾಲ್ಕು ಮೊಳ. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು. ದಿನಕ್ಕೆ ಒಂದು ಬೆರಳಿನಂತೆ ತೊಂಬತ್ತಾರು ದಿನ.

“ಒಲಿ ಹೂಡ್ರಿ” ಎಂದ ಒಲೆಗಾರ. “ನಾಕು ಒಲಿ ಸಾಕು.”

ಹೊಗೆ ಎಲ್ಲಿಗೆ ಹೋಗುವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಲ್ಲಿನ ಅಂಚಿನ ಸಂದುಗಳಿಂದ ನುಸುಳಿ, ಅವನಿದ್ದ ಕೋಣೆಯನ್ನು ತುಂಬಿ, ಆಮೇಲೆ ಬಿರುಕಿನಿಂದ ಮೇಲೆ ಬರಬೇಕು. ಮೊದಲ ಒಲೆಗೇ ಅವನು ಉಳಿಯುವುದಿಲ್ಲ.

“ಕಾಲು ನಾರಾಕ ಹತ್ತೈತಿ. ತೊಂಬತ್ತು ದಿನದ ಮಾತು ಬಿಡ್ರಿ” ಎಂದು ಅವನು ಮುಂದುವರಿಸಿದ. “ಆ ಚಾವಣಿ ಇನ್ನೂ ಸಡ್ಲ ಐತಿ. ಒಲಿ ಹಚ್ಚಿದರ ನಾಕು ದಿನಕ್ಕ ನನ್ನ ಹೊರಗ ತರತೀರಿ. ಉಳಿ ಹಿಡಕೊಂಡು ಕುಂತ್ರ ಅದು ನಿಮ್ಮನ್ನೂ ಒಳಗ ಇಟ್ಕೊತೈತಿ.”

ಒಲೆಗಾರನ ಮಾತು ಮೀರುವ ರೂಢಿ ಆ ಊರಿನಲ್ಲಿರಲಿಲ್ಲ. ಕಟ್ಟಿಗೆ ಹೊತ್ತು ತಂದು ಕಲ್ಲಿಗೆ ಒಟ್ಟಿದರು. ಕೊಳ್ಳಿ ಪರಸಪ್ಪನ ಕೈಗೆ ಬಂತು. ಅಷ್ಟರಲ್ಲಿ ಹುಲಿಗೆವ್ವ ಒಳಗೆ ನಡೆದು ಹೋಗಿ ಒಟ್ಟಿದ ಕಟ್ಟಿಗೆಯ ಮೇಲೆ ಕುಳಿತಳು.

“ಹಚ್ಚು, ಮೈದುನ. ಇಬ್ಬರಿಗೂ ಒಂದೇ ಒಲಿ ಆದೀತು” ಎಂದಳು.

ಪರಸಪ್ಪ ಕೊಳ್ಳಿಯನ್ನು ನೆಲಕ್ಕೆ ಒರೆಸಿ ನಂದಿಸಿದ. ಕಟ್ಟಿಗೆಯನ್ನು ಬದಿಗೆ ಸರಿಸಿ ಉಳಿ ತೆಗೆದುಕೊಂಡ. ಹಚ್ಚಲಿಲ್ಲವೆಂದು ತಿಳಿದಾಗ ಒಲೆಗಾರ ಬೈದನೆಂದು ಕೆಲವರು, ಅತ್ತನೆಂದು ಕೆಲವರು ಹೇಳುತ್ತಾರೆ.

ದಿನಕ್ಕೆ ಮೂರು ಸಲ ಹುಲಿಗೆವ್ವ ಬಿರುಕಿನ ಬಳಿ ಕೂರುತ್ತಿದ್ದಳು. ಅವನ ಮಾತು ಕಡಿಮೆಯಾಯಿತು. ಹತ್ತನೆಯ ದಿನದಿಂದ ಮಾತಿಗೆ ಬದಲು ಒಂದು ಹರಳಿನಿಂದ ಕಲ್ಲನ್ನು ತಟ್ಟುತ್ತಿದ್ದ. ಆಮೇಲೆ ಅದೂ ಇರಲಿಲ್ಲ. ಅವಳು ಪ್ರತಿ ಸಲ ಎದ್ದು ಬಂದು, “ಕುಡಿದ್ರು” ಎನ್ನುತ್ತಿದ್ದಳು. ಬಿರುಕಿಗೆ ಕಿವಿಗೊಟ್ಟರೆ ಬೇರೆಯವರಿಗೆ ಏನೂ ಕೇಳುತ್ತಿರಲಿಲ್ಲ. ಆದರೂ ಹೆಂಡತಿಗಿಂತ ಹೆಚ್ಚು ತಿಳಿದವರು ಯಾರು? ಅವಳ ಮಾತಿನ ಮೇಲೆ ಉಳಿಯ ಸದ್ದು ನಡೆಯಿತು. ಇಪ್ಪತ್ತೊಂದನೆಯ ದಿನ ಒಲೆಗಾರ ಹೇಳಿದಂತೆಯೇ ಚಾವಣಿಯ ಇನ್ನೊಂದು ತುಂಡು ಕಳಚಿತು. ಒಳಗಿದ್ದ ಇಬ್ಬರಲ್ಲಿ ಒಬ್ಬ ಹಿಂದಕ್ಕೆ ಹಾರಿಕೊಂಡ. ಪರಸಪ್ಪ ಉಳಿಯೊಂದಿಗೆ ಅದರ ಕೆಳಗೆ ಸಿಕ್ಕಿ ಸತ್ತ.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ಊರಿನ ಹಿರಿಯರು ಬಿರುಕಿನ ಬಳಿ ಕುಳಿತರು. ಇನ್ನು ಒಲೆ ಹೂಡಿ ಕಲ್ಲು ತೆಗೆಯೋಣ, ಅಣ್ಣನನ್ನೂ ತಮ್ಮನ ಪಕ್ಕದಲ್ಲಿಡೋಣ ಎಂದರು. ಹುಲಿಗೆವ್ವ ಎಲೆ ಮಡಿಚಿ ನೀರು ಇಳಿಬಿಟ್ಟು, ತಲೆಯೆತ್ತದೆ, “ಈಗಷ್ಟೇ ಕುಡಿದ್ರು” ಎಂದಳು. ಅವನು ಸತ್ತಿದ್ದಾನೆಯೇ ಎಂದು ನೋಡಲು ಕಲ್ಲು ತೆಗೆಯಬೇಕು. ಕಲ್ಲು ತೆಗೆಯಲು ಒಲೆ ಹಚ್ಚಬೇಕು. ಬದುಕಿದ್ದರೆ ಆ ಒಲೆಯಲ್ಲೇ ಸಾಯುತ್ತಾನೆ. ಹಿರಿಯರು ಎದ್ದು ಹೋದರು. ಗಂಡ ಬದುಕಿದ್ದಾನೆಂದು ಹೆಂಡತಿ ಹೇಳುತ್ತಿರುವಾಗ ಆ ಗುಡ್ಡದಲ್ಲಿ ಇನ್ನಾವ ಸುರಂಗಕ್ಕೂ ಹೊಗೆಯಿಡಲು ಅವರಿಗೆ ಕೈ ಬರಲಿಲ್ಲ. ಒಲೆಯಿಲ್ಲದೆ ಬಂಗಾರವಿಲ್ಲ, ಬಂಗಾರವಿಲ್ಲದೆ ಆ ಬೋಳು ಗುಡ್ಡದ ಮೇಲೆ ಅನ್ನವಿಲ್ಲ. ಮುಂದಿನ ಮಳೆಗಾಲದೊಳಗೆ ನಲವತ್ತು ಮನೆಯವರೂ ದಿಕ್ಕಿಗೊಬ್ಬರಾಗಿ ಇಳಿದು ಹೋದರು. ತಣ್ಣೊಲೆ ಎಂಬ ಹೆಸರನ್ನು ಇಟ್ಟವರು ಹೀಗೆ ಇಳಿದು ಹೋದವರೇ ಎನ್ನುತ್ತಾರೆ. ಹುಲಿಗೆವ್ವ ಇಳಿಯಲಿಲ್ಲ.

ಅಮರಪ್ಪನವರ ಮನೆತನದ ಒಬ್ಬ ಹೆಣ್ಣುಮಗಳು, ಕುರಿ ಕಾಯುತ್ತ ಆ ಕಡೆ ಹೋದವಳು, ಮುಪ್ಪಿನ ಹುಲಿಗೆವ್ವನಿಗೆ ಹಾಲು ಕೊಡುತ್ತಿದ್ದಳಂತೆ. ಮುದುಕಿಯ ಹಣೆಯಲ್ಲಿ ಕುಂಕುಮವಿತ್ತು, ಕೈಯಲ್ಲಿ ಹಸಿರು ಬಳೆಗಳಿದ್ದವು. ಹಳ್ಳದಿಂದ ನೀರು ಹೊತ್ತು ತಂದು ದಿನವೂ ಮೂರು ಸಲ ಬಿರುಕಿಗೆ ಹೊಯ್ಯುತ್ತಿದ್ದಳು. ಒಂದು ದಿನ ಕೇಳದೆಯೇ ಹೇಳಿದಳು: “ಹನ್ನೆರಡನೇ ದಿನ ನೀರು ಬಿಟ್ಟೆ. ಬೊಗಸಿಗೆ ಬಿದ್ರ ಸದ್ದು ಆಗತಿರಲಿಲ್ಲ. ಅವತ್ತ ಕಲ್ಲಿನ ಮ್ಯಾಲ ಬಿತ್ತು. ಮತ್ತ ಬಿಟ್ಟೆ. ಕಲ್ಲಿನ ಮ್ಯಾಲೇ ಬಿತ್ತು.”

“ಹಂಗಾದ್ರ ಕುಡಿದ್ರು ಅಂತ ಯಾಕ ಅಂದಿ ಯವ್ವಾ? ನಿನ್ನ ಮೈದುನ ಉಳೀತಿದ್ದನಲ್ಲ?”

ಮುದುಕಿ ಕೊಡ ಎತ್ತಿ ಬಿರುಕಿಗೆ ನೀರು ಹೊಯ್ದಳು. ಆ ಹೆಣ್ಣುಮಗಳು ಬೇರೆ ಮಾತು ತೆಗೆದಳು. ಆ ಪುಣ್ಯಾತ್ಮನ ಹೆಸರೇನು ಎಂದು ಕೇಳಿದಳು.

ಹುಲಿಗೆವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ನಾ ಹೆಸರು ಹಿಡೀಬಾರದವ್ವ. ಆಯುಷ್ಯ ಕಡಿಮಿ ಆಗತೈತಿ.”

ಹೆಸರು ಗೊತ್ತಿದ್ದ ಬೇರೆಯವರೆಲ್ಲ ಆಗಲೇ ಊರು ಬಿಟ್ಟು ಹೋಗಿದ್ದರು. ಅವಳೊಂದಿಗೆ ಅದೂ ಹೋಯಿತು.

ಏಳನೆಯ ಸುರಂಗದೊಳಗೆ ಬಗ್ಗಿ ನಡೆದರೆ ಈಗಲೂ ದಾರಿ ಮುಚ್ಚಿದ ಆ ಕಲ್ಲು ಕಾಣುತ್ತದೆ. ಹನ್ನೊಂದು ಸುರಂಗಗಳಲ್ಲಿ ಮಸಿಯಿಲ್ಲದ ಕಲ್ಲು ಅದೊಂದೇ. ಅದರ ನಡುವೆ ಒಂದು ಕೊರೆತವಿದೆ. ಅಳೆದರೆ ಆಳ ಇಪ್ಪತ್ತೊಂದು ಬೆರಳು. ಚಾರಣಕ್ಕೆ ಬರುವ ಹುಡುಗರು ಬಿಳಿಯ ಕಲ್ಲೆಂದು ಅದರ ಮೇಲೆ ಬಣ್ಣದಿಂದ, ಮೊಳೆಯಿಂದ ತಮ್ಮ ತಮ್ಮ ಹೆಸರು ಬರೆದು ಹೋಗಿದ್ದಾರೆ. ಕೆಲವರು ತಾರೀಖನ್ನೂ ಹಾಕಿದ್ದಾರೆ. ಇನ್ನು ಬರೆಯಲು ಅಲ್ಲಿ ಹೆಚ್ಚು ಜಾಗ ಉಳಿದಿಲ್ಲ.