ಗೋದಕ್ಕನ ಗಿಟಾರ್ ಕ್ಲಾಸು

ಸೀರೆಗೆ ಫಾಲ್ ಹೊಲಿಯುವ ಗೋದಕ್ಕ, ತೀರಿಹೋದ ಗಂಡನ ಗಿಟಾರ್ ಹೊತ್ತು ಕ್ಲಾಸಿಗೆ ಬಂದಳು. ಹೆಸರಾಂತ ರಾಕ್ ಗಿಟಾರಿಸ್ಟನೊಬ್ಬನ ಸುಲಭದ ಹಾಡೊಂದನ್ನು ಗಂಡ ದಿನಾ ಸಂಜೆ ನುಡಿಸುತ್ತಿದ್ದ. ಅವಳಿಗೆ ಅದೊಂದೇ ಬೇಕಿತ್ತು.

ಮೇಷ್ಟ್ರು ಮೂಗು ಮುರಿದರು. "ಅಂಥ ಮಹಾನುಭಾವನ ಹಾಡು ಬಂದ ದಿನವೇ ಬೇಕೇನ್ರೀ? ಮೊದಲು ತಂತಿ ಒತ್ತಿ ಒತ್ತಿ ಎಡಗೈ ಬೆರಳು ಜಡ್ಡುಗಟ್ಟಲಿ."

"ಜಡ್ಡುಗಟ್ಟಿದ್ರೆ ಹೇಳ್ಕೊಡ್ತೀರಾ?"

"ಅವತ್ತೇ!"

ಗೋದಕ್ಕ ಎಡಗೈ ಚಾಚಿದಳು. ವರ್ಷಾನುಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಬೆರಳುಗಳು. ಮೇಷ್ಟ್ರು ಒತ್ತಿ ನೋಡಿದರು. ತಮ್ಮ ಬೆರಳನ್ನೂ ಮುಟ್ಟಿ ನೋಡಿಕೊಂಡರು. ಹಾಡು ಹೇಳಿಕೊಡಲು ಶುರುಮಾಡಿದರು.

ನಡುವೆ ಗೋದಕ್ಕ ತಡೆದು, ಒಂದು ಸಾಲು ಬೇರೆ ಥರ ಗುನುಗಿದಳು.

"ಅದು ತಪ್ಪಮ್ಮ."

"ಗೊತ್ತು ಸಾರ್. ಆ ತಪ್ಪು ಸಮೇತ ಹೇಳ್ಕೊಡಿ. ನಮ್ಮನೆಯವರು ಹಾಗೇ ನುಡಿಸ್ತಿದ್ರು."